ಲೆಕ್ಕಪತ್ರದ ಕಚೇರಿಯಲ್ಲಿ ಧ್ಯಾನ

ಬರ್ಮಾ ದೇಶವು 1948ನೆಯ ಇಸವಿ ಜನವರಿ 4ರಂದು ಸ್ವತಂತ್ರವಾದಾಗ, ಆ ಹೊಸ ಸರ್ಕಾರದ ಆಯವ್ಯಯಗಳನ್ನೆಲ್ಲ ಪರಿಶೀಲಿಸುವ ಅಕೌಂಟೆಂಟ್ ಜನರಲ್ ಪದವಿಗೆ ಬಂದವರು ಊ ಬಾ ಖಿನ್ ಎಂಬ ಗೃಹಸ್ಥರು. ಅದೇ ಇಲಾಖೆಗೆ ಸಾಮಾನ್ಯ ಗುಮಾಸ್ತರಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದವರು. ಮನೆಮಠ, ಸಂಬಳ, ಕಡತಗಳ ರಾಶಿ, ಮಂತ್ರಿಗಳಿಂದ ಬರುವ ಕರೆ, ಇವುಗಳಲ್ಲಿ ಒಂದನ್ನೂ ಬಿಡದೆ, ಕಾಷಾಯವನ್ನೂ ಉಡದೆ, ಈ ಮಹನೀಯರು ರಂಗೂನಿನ ತಮ್ಮ ಕಚೇರಿಯಲ್ಲಿಯೇ ಒಂದು ಕೊಠಡಿಯನ್ನು ಧ್ಯಾನಕ್ಕೆಂದು ತೆರವುಮಾಡಿ, ಇಷ್ಟವಿದ್ದ ನೌಕರರಿಗೆ ಉಸಿರನ್ನು ಗಮನಿಸುವ ವಿದ್ಯೆಯನ್ನು ಕಲಿಸತೊಡಗಿದರು. 1950ರಲ್ಲಿ ಆ ನೌಕರರದೇ ಒಂದು ವಿಪಶ್ಯನಾ ಸಂಘವಾಯಿತು. 1952ರಲ್ಲಿ ನಗರದಲ್ಲಿ ಅಂತರರಾಷ್ಟ್ರೀಯ ಧ್ಯಾನಕೇಂದ್ರವೊಂದು ಎದ್ದಿತು. ನಡುವೆ ಗರ್ಭಗೃಹದಂಥ ಒಂದು ಕೋಣೆ, ಅದರ ಸುತ್ತ ಒಬ್ಬೊಬ್ಬರೇ ಕೂಡಬಹುದಾದ ಎಂಟು ಕಿರುಕೋಣೆಗಳು: ಇದು ಅಲ್ಲಿಯ ಪಗೋಡದ ರಚನೆ.

ಸುಖವನ್ನು ಕುರಿತು ಬರೆಯಹೊರಟವನು ಲೆಕ್ಕಪರಿಶೋಧಕರೊಬ್ಬರನ್ನು ಮುಂದಕ್ಕೆ ತರುವುದು ವಿಚಿತ್ರವೆನ್ನಿಸಬಹುದು. ಆದರೆ ಬುದ್ಧನ ಮಾರ್ಗವೆಂದರೆ ತಲೆ ಬೋಳಿಸಿಕೊಂಡು ಅರಣ್ಯಕ್ಕೆ ಹೋಗುವವರ ಸೊತ್ತು, ನಮ್ಮಂಥ ಸಂಸಾರಿಗಳಿಗೆ ದೂರದಿಂದ ಕೈಮುಗಿಯುವುದಷ್ಟೇ ಪ್ರಾಪ್ತವೆಂಬ ಭಾವನೆ ನಮ್ಮಲ್ಲಿ ಬಹುಮಂದಿಗೆ ಇರುವುದರಿಂದ, ಇಂಥ ಒಬ್ಬರ ಜೀವನವು ಹತ್ತು ವ್ಯಾಖ್ಯಾನಗಳಿಗಿಂತ ಹೆಚ್ಚು ಪ್ರಯೋಜನಕಾರಿ. ಊ ಬಾ ಖಿನ್ ಅವರು 1937ರಲ್ಲಿ ಈ ಸಾಧನೆಯನ್ನು ಕಲಿತದ್ದು ಯಾವ ಮಠಾಧಿಪತಿಯಿಂದಲೂ ಅಲ್ಲ. ರಂಗೂನು ನದಿಯ ಆಚೆಯ ದಡದಲ್ಲಿ ಭತ್ತದ ಗದ್ದೆ ಮಾಡಿಕೊಂಡಿದ್ದ ಸಯಾ ಥೆಟ್‌ಜಿ ಎಂಬ ರೈತರಿಂದ. ಆ ರೈತರೂ ವಾಂತಿಭೇದಿಯ ಪಿಡುಗಿನಲ್ಲಿ ಮಕ್ಕಳನ್ನು ಕಳೆದುಕೊಂಡು, ದುಃಖಕ್ಕೆ ಪರಿಹಾರವನ್ನು ಹುಡುಕುತ್ತ ಮನೆ ಬಿಟ್ಟು ಹೊರಟು, ಕೊನೆಗೆ ಲೆಡಿ ಸಯಾಡೋ ಎಂಬ ವಿದ್ವಾಂಸ ಭಿಕ್ಷುಗಳ ಸನ್ನಿಧಿಯಲ್ಲಿ ಅದನ್ನು ಕಂಡುಕೊಂಡು ಮರಳಿ ಊರು ಸೇರಿದವರು.

ಇವರೆಲ್ಲರ ಸಾಧನೆಗೆ ಮೂಲವಾದದ್ದು ಪಾಳಿಯ ಸತಿಪಟ್ಠಾನ ಸುತ್ತ. ಭಗವಾನ್ ಬುದ್ಧನು ಇದನ್ನು ಕುರುದೇಶದ ಕಮ್ಮಾಸದಮ್ಮವೆಂಬ ಊರಿನಲ್ಲಿ ಉಪದೇಶಿಸಿದನೆಂದು ಅದರ ಆರಂಭದಲ್ಲಿಯೇ ಉಕ್ತವಾಗಿದೆ. ಕಾಯ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕು ನೆಲೆಗಳಲ್ಲಿ ಎಚ್ಚರವನ್ನು ನಿಲ್ಲಿಸಬೇಕೆಂಬುದು ಅದರ ಸಾರ. ಕುರುದೇಶವನ್ನೇ ಏಕೆ ಆರಿಸಿದನೆಂಬುದಕ್ಕೆ ಹಳೆಯ ಅಟ್ಠಕಥೆಯು, ಎಂದರೆ ಪಾಳಿ ವ್ಯಾಖ್ಯಾನವು, ಕೊಡುವ ಕಾರಣವು ನನಗೆ ಬಹಳ ಪ್ರಿಯವಾದುದು: ಆ ನಾಡಿನಲ್ಲಿ ನೀರಿನ ಘಟ್ಟದಲ್ಲಿ, ನೂಲುವ ಚಾವಡಿಯಲ್ಲಿ ಹೆಂಗಸರು ಕೂಡಿದಾಗಲೂ ಹಾಳುಹರಟೆಗೆ ಎಡೆಯಿರುತ್ತಿರಲಿಲ್ಲವಂತೆ, ‘ತಾಯಿ, ನೀನು ಯಾವ ಸ್ಮೃತಿಯನ್ನು ಅಭ್ಯಾಸಮಾಡುತ್ತಿದ್ದೀಯೆ?’ ಎಂದು ಒಬ್ಬಳು ಕೇಳುವಳು, ‘ಯಾವುದೂ ಇಲ್ಲ’ವೆಂದವಳನ್ನು ಉಳಿದವರು ಗದರಿಸಿ, ಬುದ್ಧಿ ಹೇಳಿ, ಒಂದನ್ನು ಕಲಿಸಿಕೊಡುವರು. ವ್ಯಾಖ್ಯಾನಕಾರನು ಸ್ವಲ್ಪ ಉತ್ಪ್ರೇಕ್ಷಿಸಿದ್ದಾನೆಂದೇ ಇಟ್ಟುಕೊಳ್ಳೋಣ. ಹೊರಗಿನ ಕೆಲಸ ನಿಲ್ಲದೆಯೇ ಒಳಗಿನ ಕೆಲಸ ಸಾಗಬಹುದೆಂಬ ಅವನ ನಂಬಿಕೆಯಲ್ಲಿ ಉತ್ಪ್ರೇಕ್ಷೆಯಿಲ್ಲ.

ನಾಲ್ಕು ನೆಲೆಗಳಲ್ಲಿ ಸಂಸಾರಿಗೆ ಅತ್ಯಂತ ಸಮೀಪವಾದದ್ದು ವೇದನೆ, ಎಂದರೆ ಇಂದ್ರಿಯಕ್ಕೂ ವಿಷಯಕ್ಕೂ ಸಂಪರ್ಕವಾದೊಡನೆ ಹುಟ್ಟುವ ಹಿತ, ಅಹಿತ, ಅಥವಾ ಎರಡೂ ಅಲ್ಲದ ಅನುಭವ. ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತಿರುವಾಗ, ಬಂಧುವೊಬ್ಬರು ನಾಲ್ಕು ಜನರ ಎದುರಿಗೆ, ‘ಏನಯ್ಯಾ, ನಿನ್ನ ಮಗನಿಗೆ ಇನ್ನೂ ಕೆಲಸ ಆಗಲಿಲ್ಲವೆ?’ ಎಂದು ಕೇಳಿದರೆನ್ನಿ. ಕಿವಿಯ ತುದಿ ಬಿಸಿಯಾಗುತ್ತದೆ, ಗಂಟಲು ಬಿಗಿಯುತ್ತದೆ, ಅನ್ನ ಕಲಸುತ್ತಿದ್ದ ಬೆರಳುಗಳು ತಡೆಯುತ್ತವೆ, ಹೋಳಿಗೆಯ ಮೇಲೆ ತುಪ್ಪ ಬಡಿಸಿಕೊಂಡು ಹೋದದ್ದು ತಿಳಿಯುವುದಿಲ್ಲ. ಇದಿಷ್ಟೂ ಒಂದೆರಡು ನಿಮಿಷದ ಮಾತು. ಆದರೆ ಆ ರಾತ್ರಿ ಹಾಸಿಗೆಯ ಮೇಲೆ ಹೊರಳುತ್ತ, ಹೇಳಬಹುದಾಗಿದ್ದ ಖಾರವಾದ ಉತ್ತರಗಳನ್ನು ಒಂದೊಂದಾಗಿ ಜೋಡಿಸುತ್ತ, ಆ ಬಂಧುವಿನ ಮನೆಯ ಹಳೆಯ ಹುಳುಕುಗಳನ್ನೆಲ್ಲ ಕೆದಕುತ್ತ, ಬೆಳಗಾಗುವ ಹೊತ್ತಿಗೆ ನಿರಪರಾಧಿಯಾದ ಮಗನ ಮೇಲೆಯೇ ಕೋಪವನ್ನು ತಿರುಗಿಸುವ ತನಕ ನಡೆಯುವ ವ್ಯಾಪಾರಕ್ಕೆ ಆ ಬಂಧು ಹೊಣೆಯಲ್ಲ. ಅಜ್ಞನಾದವನು ಒಂದು ಬಾಣದಿಂದ ಪೆಟ್ಟುತಿಂದ ಮೇಲೆ ಎರಡನೆಯ ಬಾಣದಿಂದಲೂ ಪೆಟ್ಟುತಿನ್ನುತ್ತಾನೆಂದೂ, ಬಲ್ಲವನಿಗೆ ತಗಲುವುದು ಮೊದಲನೆಯದು ಮಾತ್ರವೆಂದೂ ಸಂಯುತ್ತನಿಕಾಯದಲ್ಲಿ ಬುದ್ಧನು ಹೇಳಿರುವುದು ಈ ಎರಡು ಘಟ್ಟಗಳನ್ನೇ ಕುರಿತು. ಕಿವಿ ಬಿಸಿಯಾದಾಗ ‘ಬಿಸಿಯಾಯಿತು’ ಎಂದು, ಗಂಟಲು ಬಿಗಿದಾಗ ‘ಬಿಗಿಯಿತು’ ಎಂದು, ಅದನ್ನು ಅದುಮದೆಯೂ ಬೆಳಸದೆಯೂ ತಿಳಿಯುವುದೇ ಸ್ಮೃತಿ. ಹಾಗೆ ತಿಳಿಯುತ್ತಿರುವಾಗ ಬಿಸಿಯು ತಾನಾಗಿ ಇಳಿಯುವುದನ್ನೂ ಕಾಣಬಹುದು. ಅದರ ಅನಿತ್ಯತೆ ಆಗ ಪುಸ್ತಕದ ಸಿದ್ಧಾಂತವಾಗಿ ಉಳಿಯದೆ ಮೈಯಲ್ಲಿ ನಡೆದ ಸಂಗತಿಯಾಗುತ್ತದೆ.

ಊ ಬಾ ಖಿನ್ ಅವರ ಬಳಿಗೆ 1955ರಲ್ಲಿ ಬಂದ ಒಬ್ಬ ಮಾರವಾಡಿ ವರ್ತಕರ ಕಥೆ ಇಲ್ಲಿ ಪ್ರಸ್ತುತ. ಮಂಡಲೆಯಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ಅವರಿಗೆ ಅಸಾಧ್ಯವಾದ ಅರೆತಲೆನೋವು. ಮಾರ್ಫೀನ್ ಚುಚ್ಚಿಸಿಕೊಳ್ಳದೆ ಶಮನವಿಲ್ಲ. ಆ ಮದ್ದೇ ಚಟವಾದೀತೆಂಬ ಭಯದಿಂದ ಯೂರೋಪು, ಅಮೆರಿಕ, ಜಪಾನುಗಳ ವೈದ್ಯರನ್ನು ಕಂಡು ಬರಿಗೈಯಲ್ಲಿ ಮರಳಿದ್ದರು. ತಲೆನೋವಿನ ಪರಿಹಾರಕ್ಕಾಗಿ ಧ್ಯಾನ ಕಲಿಯಬಂದೆನೆಂದಾಗ ಗುರುಗಳು ಸಮ್ಮತಿಸಲಿಲ್ಲ. ಈ ವಿದ್ಯೆ ಇರುವುದು ಚಿತ್ತದ ಮಲವನ್ನು ಕಳೆಯುವುದಕ್ಕೆ; ಅದಕ್ಕಾಗಿ ಬರುವುದಾದರೆ ಬನ್ನಿ, ರೋಗ ಹೋದರೆ ಅದು ಉಪಫಲವೆಂದು ತಿಳಿಯಿರಿ ಎಂಬುದು ಅವರ ನಿಲುವು. ಗೋಯೆಂಕಾ ಅವರು ಆ ಕರಾರಿಗೆ ಒಪ್ಪಿ ಕುಳಿತರು, ತಲೆನೋವೂ ಹೋಯಿತು. ಹದಿನಾಲ್ಕು ವರ್ಷ ಗುರುಗಳ ಬಳಿ ಪಳಗಿ, 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯಲ್ಲಿ ಮೊದಲ ಶಿಬಿರವನ್ನು ನಡೆಸಿದರು; 1976ರಲ್ಲಿ ಇಗತ್‌ಪುರಿಯ ಕೇಂದ್ರವು ತೆರೆಯಿತು. ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ ಇಂದು ನಡೆಯುತ್ತಿರುವ ಶಿಬಿರಗಳೂ ಇದೇ ಪರಂಪರೆಯವು.

ಆ ಕರಾರಿನ ಮಹತ್ತ್ವವು ಈಗ ಹೆಚ್ಚಾಗಿ ತಿಳಿಯುತ್ತದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಅವರು ದೀರ್ಘಕಾಲದ ನೋವಿನಿಂದ ನರಳುವವರಿಗಾಗಿ ಕೆಲವು ವಾರಗಳ ಶಿಕ್ಷಣಕ್ರಮವೊಂದನ್ನು ಆರಂಭಿಸಿ, ಸ್ಮೃತಿಗೆ ಇಂಗ್ಲಿಷಿನಲ್ಲಿರುವ ಮೈಂಡ್‌ಫುಲ್‌ನೆಸ್ ಎಂಬ ಹೆಸರನ್ನು ಆಸ್ಪತ್ರೆಗಳಿಗೂ ಪಾಠಶಾಲೆಗಳಿಗೂ ಪರಿಚಯಿಸಿದರು; ಅದರಿಂದ ಅನೇಕರಿಗೆ ಉಪಶಮನ ದೊರೆತಿರುವುದನ್ನು ಅಲ್ಲಗಳೆಯುವುದು ಅವಿವೇಕ. ಆದರೆ ಅಲ್ಲಿಂದ ಆ ಹೆಸರು ಪೇಟೆಗೆ ಇಳಿದು, ಮೊಬೈಲಿನ ಗಂಟೆನಾದವಾಗಿ, ಕಂಪನಿಯ ನೌಕರರಿಂದ ಇನ್ನಷ್ಟು ಕೆಲಸ ತೆಗೆಯುವ ಉಪಾಯವಾಗಿ ಮಾರಾಟವಾಗುತ್ತಿರುವುದನ್ನು ನೋಡುವಾಗ, ಬಿಟ್ಟುಹೋದ ಭಾಗ ಯಾವುದೆಂದು ಕೇಳದೆ ಇರಲಾಗದು. ನನ್ನ ಅಭಿಪ್ರಾಯದಲ್ಲಿ ಬಿಟ್ಟುಹೋದದ್ದು ಶೀಲ, ಎಂದರೆ ನಿರ್ದೋಷವಾದ ನಡತೆ.

ಅನಾಥಪಿಂಡಿಕನೆಂಬ ಶ್ರಾವಸ್ತಿಯ ಸಿರಿವಂತನಿಗೆ ಬುದ್ಧನು ಗೃಹಸ್ಥನ ಸುಖಗಳನ್ನು ಎಣಿಸಿಕೊಟ್ಟ ಸಂದರ್ಭವೊಂದು ಅಂಗುತ್ತರನಿಕಾಯದಲ್ಲಿದೆ. ನ್ಯಾಯವಾಗಿ ಗಳಿಸಿದ್ದು ಇದೆಯೆಂಬ ಸುಖ, ಅದನ್ನು ಉಂಡು ದಾನಮಾಡುವ ಸುಖ, ಯಾರಿಗೂ ಚಿಕ್ಕದಾಗಲಿ ದೊಡ್ಡದಾಗಲಿ ಸಾಲವಿಲ್ಲವೆಂಬ ಸುಖ, ಕಾಯವಾಙ್ಮನಸ್ಸುಗಳಲ್ಲಿ ನಿರ್ದೋಷಿಯೆಂಬ ಸುಖ. ಮೊದಲ ಮೂರೂ ಸೇರಿ ಕಡೆಯದರ ಹದಿನಾರರಲ್ಲೊಂದು ಪಾಲಿಗೂ ಸಮವಲ್ಲವಂತೆ. ರೂಪಾಯಿ ಆಣೆಗಳ ಲೆಕ್ಕದಲ್ಲಿ ಬೆಳೆದ ನಮ್ಮ ಹಿರಿಯರಿಗೆ ಇದು ಥಟ್ಟನೆ ತಿಳಿದೀತು: ಮೂರರ ಬೆಲೆ ಒಂದಾಣೆಯನ್ನೂ ಮುಟ್ಟದು. ಹಣದ ಸುಖವನ್ನು ಅವನು ಹಳಿಯಲಿಲ್ಲವೆಂಬುದನ್ನೂ ಗಮನಿಸಬೇಕು. ಸಾಲವಿಲ್ಲದೆ ಮಲಗುವವನ ನಿದ್ರೆಯನ್ನು ಧರ್ಮೋಪದೇಶದಲ್ಲಿ ಸೇರಿಸಿದ ಸಂನ್ಯಾಸಿ ಅವನು. ದೋಷವನ್ನು ಮಾಡಿದವನು ಕಣ್ಣುಮುಚ್ಚಿ ಕುಳಿತರೆ ಮೊದಲು ಎದುರಾಗುವುದು ಆ ದೋಷವೇ. ಆದಕಾರಣವೇ ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ಶಿಬಿರದಲ್ಲಿಯೂ ಮೊದಲು ಪಂಚಶೀಲ, ಅನಂತರ ಉಸಿರು, ನಾಲ್ಕನೆಯ ದಿನ ವಿಪಶ್ಯನೆ, ಎಂದರೆ ಮೈಯಲ್ಲಿ ಏಳುವ ವೇದನೆಗಳನ್ನು ಗಮನಿಸುವುದು, ಎಂಬ ಕ್ರಮ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ಬರೆಸಿದ್ದೂ ಸಮಾಧಿಯ ರಹಸ್ಯಗಳನ್ನಲ್ಲ. ತಾಯಿತಂದೆಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಮನೆಮಾತನ್ನು.

ಶಿಬಿರಕ್ಕೆ ಹೋಗುವವರು ನಸುಕಿನ ನಾಲ್ಕು ಗಂಟೆಗೆ ಎದ್ದು, ಮೌನವಾಗಿ, ದಿನಕ್ಕೆ ಹತ್ತು ಗಂಟೆಯಷ್ಟು ಕಾಲ ಕೂಡಲು ಸಿದ್ಧರಿರಬೇಕು. ಊಟವಸತಿಗೆ ಶುಲ್ಕವಿಲ್ಲ, ಹಿಂದೆ ಕಲಿತವರ ದಾನದಿಂದ ಅದು ನಡೆಯುತ್ತದೆ. ತೀವ್ರವಾದ ಮಾನಸಿಕ ವ್ಯಾಧಿಯಿರುವವರಿಗೆ ಇದು ಹೇಳಿದ ಚಿಕಿತ್ಸೆಯಲ್ಲ. ಅವರು ಮೊದಲು ವೈದ್ಯರನ್ನು ಕಾಣುವುದೇ ಲೇಸು.

ಹತ್ತು ದಿನದ ಬಿಡುವಿಲ್ಲದವರಿಗೂ ಒಂದು ಸಾಧನೆಯುಂಟು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳೆಂಬ ನಾಲ್ಕು ಭಾವನೆಗಳಲ್ಲಿ ಮೂರನೆಯದಾದ ಮುದಿತೆ, ಎಂದರೆ ಪರರ ಸಂತೋಷದಲ್ಲಿ ಸಂತೋಷಪಡುವುದು, ನಮ್ಮಲ್ಲಿ ಅತ್ಯಂತ ಅಲಕ್ಷ್ಯಕ್ಕೆ ಗುರಿಯಾದುದು. ದುಃಖಿತನಿಗೆ ಮರುಗುವವರು ಬೀದಿಗೆ ಹತ್ತು ಮಂದಿಯಿದ್ದಾರು, ಎದುರುಮನೆಯವನು ಮಹಡಿ ಕಟ್ಟಿಸಿದಾಗ ಮನಸಾರೆ ಹಿಗ್ಗುವವನು ಒಬ್ಬನಿದ್ದರೆ ಹೆಚ್ಚು. ಬುದ್ಧಘೋಷಾಚಾರ್ಯನು ವಿಸುದ್ಧಿಮಗ್ಗದಲ್ಲಿ ಇದರ ಅಭ್ಯಾಸಕ್ಕೆ ಸೂಚಿಸಿದ ಕ್ರಮವು ಮನುಷ್ಯಸ್ವಭಾವವನ್ನು ಬಲ್ಲವನ ಕ್ರಮ. ಮೊದಲು ಮಾತಿಗಿಂತ ಮುಂಚೆ ನಗುವಂಥ ಒಬ್ಬ ಆಪ್ತಮಿತ್ರನನ್ನು ನೆನೆದು, ‘ಇವನು ಸಂತೋಷವಾಗಿದ್ದಾನೆ, ಎಷ್ಟು ಒಳ್ಳೆಯದು’ ಎಂದುಕೊಳ್ಳಬೇಕು; ಅದು ಸಲೀಸಾದ ಮೇಲೆ ಬೇಕಾದವರೂ ಅಲ್ಲದ, ಬೇಡವಾದವರೂ ಅಲ್ಲದವರ ಕಡೆಗೆ ತಿರುಗಬೇಕು; ಮದುವೆಮನೆಯ ಆ ಬಂಧುವಿನಂಥವರ ಸರದಿ ಬರುವುದು ಅದರಾಚೆಗೆ, ಅದಕ್ಕೆ ಅವಸರವೇನೂ ಇಲ್ಲ.