ಹೊಟ್ಟೆ ಸೀಳಿದ ಷ ಮತ್ತು ಪರಿಷೆಯ ಚೀಲ

ಸುಲ್ತಾನ್‌ಪೇಟೆಯ ಓಣಿಯೊಂದರಲ್ಲಿ, ಮದುವೆ ಕಾಗದದ ಅಂಗಡಿಗಳ ಹಿಂದೆ, ಎರಡು ಮೇಜು ಹಿಡಿಸುವಷ್ಟೇ ಜಾಗದ ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಹಂಚಲೆಂದು ನಮ್ಮ ಬೀದಿಯವರು ದುಡ್ಡು ಹಾಕಿ 300 ಬಟ್ಟೆ ಚೀಲ ಮಾಡಿಸುತ್ತಿದ್ದರು. ಮಾದರಿ ನೋಡಿ ಒಪ್ಪಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಚೀಲದಲ್ಲಿ ಬಸವಣ್ಣ ಗಂಭೀರವಾಗಿಯೇ ಕೂತಿದ್ದ. ಅವನ ಕಾಲ ಬಳಿ ಸಣ್ಣಕ್ಷರದಲ್ಲಿ ‘ಕಡಲೆಕಾಯಿ ಪರಿಪೆ’ ಎಂದಿತ್ತು.

ಕಾಗದದ ಮೇಲೆ ನಮ್ಮ ಹುಡುಗಿ ಬರೆದುಕೊಟ್ಟ ಷ ಸರಿಯಾಗಿಯೇ ಇತ್ತು. ಹೊಟ್ಟೆ ಸೀಳುವ ಗೆರೆ ಮಾತ್ರ ಕೂದಲಿನಷ್ಟು ತೆಳು. ‘ಬಟ್ಟೆಗೆ ಕಟ್ಟೋ ಜಾಲರಿ ಒರಟು ಸಾರ್, ಇಂಚಿಗೆ 110 ಎಳೆ. ಇಷ್ಟು ಸಣ್ಣ ಗೆರೆ ಅದರಲ್ಲಿ ನಿಲ್ಲಲ್ಲ’ ಎಂದರು ಯಜಮಾನರು. ಚೌಕಟ್ಟಿಗೆ ಬಿಗಿದ ಜಾಲರಿಗೆ ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಬಳಿದು, ಕಪ್ಪು ಚಿತ್ರದ ಫಿಲ್ಮ್ ಇಟ್ಟು ಬೆಳಕು ಬಿಡುತ್ತಾರೆ. ಕಪ್ಪಿನ ಅಡಿಯಲ್ಲಿದ್ದದ್ದು ನೀರಿಗೆ ತೊಳೆದುಹೋಗುತ್ತದೆ. ತೆರೆದ ಆ ಕಣ್ಣುಗಳಿಂದಲೇ ಬಣ್ಣ ಇಳಿಯಬೇಕು. ಗೆರೆ ಜಾಲರಿಯ ಕಣ್ಣಿಗಿಂತ ಸಣ್ಣದಾದರೆ ಅಕ್ಷರವೇ ಬದಲಾಗುತ್ತದೆ.

ಗೆರೆ ದಪ್ಪ ಮಾಡಿಸಿದೆವು. ಈಗ ಇನ್ನೊಂದು ಸಂಕಟ. ಕೋರಾ ಬಟ್ಟೆಯಲ್ಲಿ ಬಣ್ಣ ಒಂದಿಷ್ಟು ಹರಡಿ, ಷಕಾರದ ಹೊಟ್ಟೆ ತುಂಬಿ ಕಪ್ಪು ಮುದ್ದೆಯಾಯಿತು. ಮೂರನೆಯ ಸಲ ಯಜಮಾನರು ತಾವೇ ಪೆನ್ಸಿಲ್ ಹಿಡಿದು, ಹೊಟ್ಟೆಯನ್ನು ಅಗಲಿಸಿ, ಸೀಳುಗೆರೆಯ ತುದಿಯನ್ನು ತುಸು ಮೊಟಕು ಮಾಡಿದರು. ಕಾಗದದಲ್ಲಿ ಆ ಅಕ್ಷರ ವಿಕಾರವಾಗಿ ಕಂಡಿತು. ಬಟ್ಟೆಯ ಮೇಲೆ ಎಂಥ ಚೆಂದದ ಷ! ಅದನ್ನು ನೋಡಿದ ಖುಷಿ ನನಗಿನ್ನೂ ಇಳಿದಿಲ್ಲ. ಆಮೇಲೆ ಕೂತು ಧಕಾರದ ಕಾಲು, ಥಕಾರದ ಚುಕ್ಕೆ, ತ್ತ ಕೆಳಗಿನ ಒತ್ತು ಯಾವ ಅಳತೆಗೆ ಮುಚ್ಚಿಹೋಗುತ್ತವೆ ಎಂದು ಅವರಿಂದ ಒಂದು ತಾಸು ಕೇಳಿಸಿಕೊಂಡೆ. ಇಂಗ್ಲಿಷ್ ಅಕ್ಷರ ಇಷ್ಟು ಕಾಡುವುದಿಲ್ಲವಂತೆ. ಕಾಡಲಿ, ಅದಕ್ಕೇ ಕನ್ನಡದ ಚೀಲಕ್ಕೆ ಕನ್ನಡ ಬಲ್ಲ ಕೈ ಬೇಕು.

ದುಂಡಗಿನ ಅಕ್ಷರದ ಈ ಕಷ್ಟ ಹಳೆಯದು. ತಗಡಿನಲ್ಲಿ ಠ ಕತ್ತರಿಸಲು ಹೋದರೆ ನಡುವಿನ ಬಿಲ್ಲೆ ಚುಕ್ಕೆಯ ಸಮೇತ ಉದುರಿಬೀಳುತ್ತದೆ. ಜಪಾನಿನ ಬಣ್ಣಗಾರರು ಅಂಥ ಬಿಡಿ ತುಂಡುಗಳನ್ನು ರೇಷ್ಮೆ ಎಳೆಗಳಿಂದ ಹಿಡಿದಿಡುತ್ತಿದ್ದರು. ಎಳೆಗಳೇ ಪೂರ್ತಿ ಜಾಲರಿಯಾದರೆ ಉದುರುವ ಮಾತೇ ಇಲ್ಲ. ರೇಷ್ಮೆ ಜಾಲರಿಯ ಅಚ್ಚಿಗೆ ಮ್ಯಾಂಚೆಸ್ಟರ್‌ನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಪೇಟೆಂಟ್ ಪಡೆದ. ಈಗ ರೇಷ್ಮೆಯ ಜಾಗದಲ್ಲಿ ಪಾಲಿಯೆಸ್ಟರ್ ಬಂದಿದೆ.

ನಮ್ಮ ಸಭೆಯಲ್ಲಿ ಕೆಲವರು, ತಾಂಬೂಲಕ್ಕೆ ಕೊಡುವಂಥ ನಾನ್-ವೋವನ್ ಚೀಲವೇ ಅಗ್ಗವಲ್ಲವೇ ಎಂದರು. ಮುಟ್ಟಿದರೆ ಬಟ್ಟೆಯಂತಿರುವ ಅದು ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಹಾಗೆಂದು ಹತ್ತಿ ಚೀಲ ಹಂಚಿದೊಡನೆ ಪುಣ್ಯ ಬಂತು ಎಂಬುದನ್ನೂ ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕದಂತೆ, ಹವಾಮಾನದ ಮೇಲಿನ ಪರಿಣಾಮದಲ್ಲಿ ಹತ್ತಿ ಚೀಲ ಒಂದೇ ಸಲ ಬಳಸಿ ಬಿಸಾಡುವ ಮಾಮೂಲಿ ಪ್ಲಾಸ್ಟಿಕ್ ಚೀಲಕ್ಕೆ ಸರಿಗಟ್ಟಬೇಕಾದರೆ ಅದನ್ನು 131 ಸಲ ಬಳಸಬೇಕು.

131 ಸಲ! ವಾರಕ್ಕೊಮ್ಮೆ ಸಂತೆಗೆ ಒಯ್ದರೆ ಎರಡೂವರೆ ವರ್ಷ. ಹೋದ ವರ್ಷದ ತಾರೀಖು, ದಾನಿಗಳ ಹೆಸರಿನ ಸಾಲು, ಯಾರದೋ ಫೋಟೊ ಇರುವ ಚೀಲವನ್ನು ಅಷ್ಟು ಕಾಲ ಯಾರು ಹೆಗಲಿಗೆ ಹಾಕುತ್ತಾರೆ? ನಾನು ಹಟ ಹಿಡಿದು ಮೂರನ್ನೂ ತೆಗೆಸಿದೆ. ಒಂದೇ ಬಣ್ಣ ಸಾಕೆಂದೆ. ಬಣ್ಣಕ್ಕೊಂದು ಬೇರೆ ಸ್ಕ್ರೀನ್ ಬೇಕು, ಉಳಿದ ಹಣದಲ್ಲಿ ಗಟ್ಟಿ ಹಿಡಿಕೆ ಬಂತು. ಕಡಲೆಕಾಯಿ ಸುರಿದರೆ ನೆಟ್ಟಗೆ ನಿಲ್ಲಲೆಂದು ಅಗಲ ತಳ ಹೊಲಿಸಿದೆವು. ಅಚ್ಚಾದ ಮೇಲೆ ಬಣ್ಣಕ್ಕೆ ಚೆನ್ನಾಗಿ ಕಾವು ಕೊಡಿಸಿದ್ದೇವೆ, ಒಗೆತಕ್ಕೆ ಹೆದರಬೇಕಿಲ್ಲ.

ಕಾರ್ತಿಕದ ಕಡೆಯ ಸೋಮವಾರ ಪರಿಷೆಗೆ ಬನ್ನಿ. ಮನೆಯಲ್ಲಿ ಹಳೆಯ ಬಟ್ಟೆ ಚೀಲವಿದ್ದರೆ ಅದನ್ನೇ ತನ್ನಿ. ನಮ್ಮದನ್ನು ಬರಿಗೈಯಲ್ಲಿ ಬಂದವರಿಗೆ ಬಿಡಿ.