ಯಾರೂ ಬರೆಯದವರ ಲೆಕ್ಕ

ಒಂದೂರಿನಲ್ಲಿ ವರ್ಷವಿಡೀ ಹುಟ್ಟಿದ ಮಕ್ಕಳ ವಿವರವನ್ನು ಮೇಷ್ಟ್ರೊಬ್ಬರು ಬರೆದಿಟ್ಟಿದ್ದಾರೆ ಎಂದುಕೊಳ್ಳಿ. ಹೊರಗಿನಿಂದ ಬಂದ ಅಧಿಕಾರಿಯೊಬ್ಬರು ಆ ಪುಸ್ತಕ ತೆರೆಯದೆ, ಮನೆಮನೆಗೂ ಹೋಗಿ ವಿಚಾರಿಸಿ ತಮ್ಮದೇ ಪಟ್ಟಿ ಮಾಡಿದ್ದಾರೆ. ಎರಡರಲ್ಲೂ ಇರುವ ಮಕ್ಕಳು 80. ಮೇಷ್ಟ್ರ ಬಳಿ ಮಾತ್ರ ಇರುವವು 10, ಅಧಿಕಾರಿಯ ಬಳಿ ಮಾತ್ರ ಇರುವವು 8. ಇಬ್ಬರಿಗೂ ತಪ್ಪಿಹೋದವು ಎಷ್ಟು?

ಅಧಿಕಾರಿಗೆ ಸಿಕ್ಕ 88ರಲ್ಲಿ ಮೇಷ್ಟ್ರಿಗೆ ತಪ್ಪಿದ್ದು 8, ಅಂದರೆ ಹನ್ನೊಂದಕ್ಕೆ ಒಂದು. ಅಧಿಕಾರಿಗೆ ತಪ್ಪಿದವರಲ್ಲೂ ಮೇಷ್ಟ್ರಿಗೆ ಅದೇ ಪ್ರಮಾಣದಲ್ಲಿ ತಪ್ಪಿರಬೇಕಲ್ಲ? ಹತ್ತನ್ನು ಎಂಟರಿಂದ ಗುಣಿಸಿ ಎಂಬತ್ತರಿಂದ ಭಾಗಿಸಿ. ಒಂದು ಮಗು.

ಈ ಸೂತ್ರದ ಬೆನ್ನು ಹತ್ತಿಯೇ ನಾನು ಈ ವಿಷಯಕ್ಕೆ ಬಂದದ್ದು. ಕಲ್ಕತ್ತಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಸಿ. ಚಂದ್ರಶೇಖರನ್ ಹತ್ತಿರದ ಸಿಂಗೂರಿನ ಹಳ್ಳಿಗಳ ಜನನ–ಮರಣ ಪುಸ್ತಕಗಳನ್ನು ಮನೆಮನೆಯ ವಿಚಾರಣೆಯೊಂದಿಗೆ ತಾಳೆ ಹಾಕಿದರು. ಅದರ ಫಲವಾಗಿ, ಈ ಸೂತ್ರವನ್ನು ಮುಂದಿಟ್ಟ ಪ್ರಬಂಧ 1949ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಜೊತೆಗಾರ ಎಡ್ವರ್ಡ್ಸ್ ಡೆಮಿಂಗ್, ಮುಂದೆ ಜಪಾನಿನ ಕಾರ್ಖಾನೆಗಳಿಗೆ ಗುಣಮಟ್ಟದ ಪಾಠ ಹೇಳಿ ಜಗತ್ಪ್ರಸಿದ್ಧರಾದವರು. ಡೆಮಿಂಗ್ ಹೆಸರು ಮ್ಯಾನೇಜ್‌ಮೆಂಟ್ ಓದಿದ ಎಲ್ಲರಿಗೂ ಗೊತ್ತು, ಚಂದ್ರಶೇಖರನ್ ಹೆಸರು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು? ಅವರು ಕನ್ನಡನಾಡಿಗೂ ಪರಕೀಯರಲ್ಲ. 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದ ಹಿಂದೆಯೂ ಅವರಿದ್ದರು.

ಸೂತ್ರದಲ್ಲಿ ಒಂದು ಷರತ್ತಿದೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಚಹಾ ಕುಡಿಯುತ್ತಾ ಇಬ್ಬರೂ ಪಟ್ಟಿ ಸರಿಮಾಡಿಕೊಂಡರೆ ಲೆಕ್ಕ ಕೆಟ್ಟಿತು.

ಇಬ್ಬರು ಬೇರೆಬೇರೆಯಾಗಿ ಬರೆಯುವ ಈ ಕ್ರಮವೇ ಮಾದರಿ ನೋಂದಣಿ ವ್ಯವಸ್ಥೆಯ, ಅಂದರೆ ಎಸ್‌ಆರ್‌ಎಸ್‌ನ, ಬುನಾದಿ. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ 1964–65ರಲ್ಲಿ ಇದನ್ನು ಪ್ರಯೋಗವಾಗಿ ಆರಂಭಿಸಿ, 1969–70ರ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿಸಿತು. ಜನನ–ಮರಣ ನೋಂದಣಿ ಕಡ್ಡಾಯ ಎಂಬ ಕಾನೂನು ಬಂದದ್ದೂ 1969ರಲ್ಲೇ. ಆದರೆ ಕಾನೂನು ಇದ್ದಮಾತ್ರಕ್ಕೆ ಜನ ಬರೆಸಬೇಕಲ್ಲ? ಇಂದು 8,800ಕ್ಕೂ ಹೆಚ್ಚು ಹಳ್ಳಿ, ನಗರ ಘಟಕಗಳಲ್ಲಿ ಸುಮಾರು 84 ಲಕ್ಷ ಜನ ಈ ಜಾಲದೊಳಗಿದ್ದಾರೆ. ಶಿಶುಮರಣ ಪ್ರಮಾಣ 1971ರಲ್ಲಿ ಸಾವಿರಕ್ಕೆ 129 ಇದ್ದದ್ದು 2023ರಲ್ಲಿ 25ಕ್ಕೆ ಇಳಿಯಿತೆಂದು ನಾವು ಹೇಳುವುದು ಇದೇ ಲೆಕ್ಕದಿಂದ.

ಮಾಡುವ ರೀತಿ ಸರಳ. ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ ಅರೆಕಾಲಿಕ ಗಣತಿದಾರರಾಗಿ ವರ್ಷವಿಡೀ ಬರೆಯುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು ತಾವೇ ಸಮೀಕ್ಷೆ ಮಾಡುತ್ತಾರೆ. ಎರಡೂ ಪಟ್ಟಿಗಳನ್ನು ತಾಳೆ ನೋಡಿ, ಹೊಂದದ್ದನ್ನು ಮತ್ತೆ ಆ ಮನೆಗೇ ಹೋಗಿ ಕೇಳಿ ಇತ್ಯರ್ಥ ಮಾಡುತ್ತಾರೆ. ಸೂತ್ರ ಹಾಕಿ ಅಂದಾಜು ಮಾಡುವ ಬದಲು ಕಾಲ್ನಡಿಗೆಯಲ್ಲೇ ಸತ್ಯ ಹುಡುಕುವ ಪದ್ಧತಿ.

ಕಷ್ಟವಿರುವುದು ಮನೆಯ ಬಾಗಿಲಲ್ಲಿ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಿದ್ದಾಳೆ. ಮಗು ಹುಟ್ಟಿದ್ದು ಈ ಊರಲ್ಲಿ, ಸೇರಬೇಕಾದದ್ದು ಗಂಡನ ಊರಿನ ಲೆಕ್ಕಕ್ಕೆ. ಅಲ್ಲಿ ವಿಚಾರಿಸಿದರೆ ‘ಸೊಸೆ ಬಾಣಂತನಕ್ಕೆ ಹೋಗಿದಾಳೆ, ಬರ್ತಾಳೆ’ ಎಂದಷ್ಟೇ ಹೇಳಿ ಕಳಿಸಿಬಿಡಬಹುದು. ಹೆಸರಿಡುವ ಮೊದಲೇ ಹೋದ ಕೂಸಿನ ಸುದ್ದಿಯನ್ನಂತೂ ಯಾವ ಮನೆಯೂ ತಾನಾಗಿ ಎತ್ತುವುದಿಲ್ಲ. ಅದಕ್ಕೇ ಸಮೀಕ್ಷೆಯಲ್ಲಿ ಬಸುರಿಯರ ವಿವರವನ್ನೂ ಬರೆದುಕೊಳ್ಳುತ್ತಾರೆ. ಆರು ತಿಂಗಳ ಹಿಂದೆ ಬಸುರಿ ಎಂದು ಬರೆದ ಹೆಂಗಸಿನ ಮಡಿಲಲ್ಲಿ ಈಗ ಮಗುವಿಲ್ಲದಿದ್ದರೆ ಏನಾಯಿತೆಂದು ಕೇಳಲೇಬೇಕು. ಹೇಗೆ ಕೇಳುವುದು ಎಂಬುದು ಯಾವ ನಮೂನೆಯಲ್ಲೂ ಇಲ್ಲ.

ಮೌಖಿಕ ಶವಪರೀಕ್ಷೆ ಶುರುವಾದ ಮೇಲೆ ಕೇಳುವ ಕೆಲಸ ಇನ್ನೂ ಬೆಳೆಯಿತು. ಡಾಕ್ಟರ ಮುಖ ಕಾಣದೆ ಸತ್ತವರ ಮನೆಯವರನ್ನು ಕೂರಿಸಿಕೊಂಡು ಕೊನೆಯ ದಿನಗಳ ಕಥೆ ಕೇಳುವುದು, ಆ ಊರಿನ ಭಾಷೆಯಲ್ಲೇ ಬರೆದುಕೊಳ್ಳುವುದು. ‘ಉಂಡು ಮಲಗಿದೋರು ನಡುರಾತ್ರಿ ಎದೆ ಹಿಡ್ಕೊಂಡು ಎದ್ರು, ಮೈಯೆಲ್ಲ ಬೆವರು’ ಎಂಬಂಥ ಸಾಲುಗಳನ್ನು ಇಬ್ಬರು ವೈದ್ಯರು ಬೇರೆಬೇರೆಯಾಗಿ ಓದಿ ಸಾವಿನ ಕಾರಣ ನಿರ್ಧರಿಸುತ್ತಾರೆ. ಇಲ್ಲಿಯೂ ಅದೇ ಜೋಡಿ ಪದ್ಧತಿ. ಪ್ರಭಾತ್ ಝಾ ನೇತೃತ್ವದ ‘ಮಿಲಿಯನ್ ಡೆತ್ ಸ್ಟಡಿ’ ಈ ದಾರಿಯಲ್ಲೇ ಸಾಗಿ, 2005ರಲ್ಲಿ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 46,000 ಎಂದು ಕಂಡುಕೊಂಡಿತು. ಬಹುಪಾಲು ಸಾವು ಆಸ್ಪತ್ರೆಯ ಹೊರಗೇ ಆಗಿದ್ದರಿಂದ ಆಸ್ಪತ್ರೆಗಳ ಲೆಕ್ಕದಲ್ಲಿ ಕಾಣುತ್ತಿದ್ದದ್ದು ಇದರ ಸಣ್ಣದೊಂದು ಪಾಲು.

ಇಷ್ಟು ಜತನದಿಂದ ಕೂಡಿಸಿದ ಲೆಕ್ಕ ಜನರ ಕೈಸೇರುವ ಹೊತ್ತಿಗೆ ಮಾತ್ರ ಹಳತಾಗಿರುತ್ತದೆ. ಕೋವಿಡ್ ಎರಡನೇ ಅಲೆಯ 2021ರ ಎಸ್‌ಆರ್‌ಎಸ್ ವರದಿ ಹೊರಬಂದದ್ದು 2025ರ ಮೇ ತಿಂಗಳಲ್ಲಿ. ಎಷ್ಟು ಜನ ಸತ್ತರೆಂದು ದೇಶವೆಲ್ಲ ಜಗಳವಾಡುತ್ತಿದ್ದಾಗ ಉತ್ತರದ ಒಂದು ತುಂಡು ಕಚೇರಿಯ ಒಳಗೇ ಇತ್ತು. ಮಾದರಿ ಊರುಗಳ ಪಟ್ಟಿ ಬದಲಾಗುವುದು ಪ್ರತಿ ಜನಗಣತಿಯ ನಂತರ. 2021ರ ಗಣತಿಯೇ ನಡೆಯದ್ದರಿಂದ ಈಗಿನ ಪಟ್ಟಿ 2011ರ ಗಣತಿಯ ಮೇಲೆ ನಿಂತದ್ದು. ಆಗ ಹಳ್ಳಿಯಾಗಿದ್ದ ಎಷ್ಟೋ ಜಾಗಗಳಲ್ಲಿ ಈಗ ಲೇಔಟು ಎದ್ದಿದೆ, ಬಾಡಿಗೆ ಮನೆಗಳಲ್ಲಿ ಯಾರು ಬಂದರು ಯಾರು ಹೋದರು ಎಂದು ಪಕ್ಕದವರಿಗೂ ತಿಳಿಯದು. ಮುಂದಿನ ಗಣತಿ 2027ಕ್ಕೆ. ಅಲ್ಲಿಯವರೆಗೆ ಗಣತಿದಾರರು ಹಳೆಯ ಎಲ್ಲೆಯೊಳಗೇ ಹೊಸ ಬಾಗಿಲುಗಳನ್ನು ತಟ್ಟುತ್ತಿರಬೇಕು.