ನರೆಗೂದಲಿಗೆ ಬಣ್ಣ ಹಚ್ಚಬಹುದು, ರಕ್ತನಾಳಕ್ಕೆ?

ಒಂದು ಮಹಡಿ ಹತ್ತಿದರೆ ಏದುಸಿರು. ಊಟ ಮೊದಲಿನಷ್ಟೇ, ಆದರೂ ರವಿಕೆಗಳೆಲ್ಲ ಒಂದೊಂದಾಗಿ ಬಿಗಿಯಾಗ್ತಿವೆ. ಸಂಜೆಯಾದರೆ ಸಾಕು, ಕೈಕಾಲು ಸೋತು ಬರುತ್ತೆ. ಯಾಕೆ ಹೀಗೆ ಅಂತ ಯಾರಾದರೂ ಕೇಳಿದರೆ ನಿಮ್ಮ ಉತ್ತರ ಸಿದ್ಧ: ‘ವಯಸ್ಸಾಯ್ತಲ್ಲ, ಇನ್ನೇನು?’

ಕೂದಲು ನರೆತರೆ ಕನ್ನಡಿ ಹೇಳುತ್ತೆ. ಮೆಹಂದಿಯೋ ಡೈಯೋ ಹಚ್ಚಿ ಮುಚ್ಚಿಕೊಳ್ಳಬಹುದು. ಆದರೆ ರಕ್ತನಾಳಕ್ಕೂ ವಯಸ್ಸಾಗುತ್ತೆ. ಅದನ್ನು ತೋರಿಸುವ ಕನ್ನಡಿ ಯಾರ ಮನೆಯಲ್ಲೂ ಇಲ್ಲ. ಮುಟ್ಟು ನಿಲ್ಲುವ ಆಸುಪಾಸಿನಲ್ಲಂತೂ ಈ ಬದಲಾವಣೆ ಚುರುಕಾಗುತ್ತದೆ. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ಪಾಶ್ಚಾತ್ಯ ದೇಶಗಳಲ್ಲಿ ಅದು 51ರ ಆಸುಪಾಸು. ಅಂದರೆ ನಾವು ಕೆಲವು ವರ್ಷ ಮೊದಲೇ ಎಚ್ಚೆತ್ತುಕೊಳ್ಳಬೇಕು. ಹಾಗಾದರೆ ಒಳಗೆ ನಡೆಯುತ್ತಿರುವುದೇನು?

ಒಂದೇ ಪದರದ ಕಾವಲು

ರಕ್ತನಾಳ ಅಂದರೆ ಬರೀ ಕೊಳವೆ ಅಂದುಕೊಳ್ಳಬೇಡಿ. ಅದರ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ತೆಳು ಪದರವಿದೆ. ಹೆಸರು ಎಂಡೋಥೀಲಿಯಂ. ರಕ್ತ ರಭಸವಾಗಿ ಹರಿದಾಗ ಈ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಆಗ ನಾಳದ ಸ್ನಾಯು ಸಡಿಲವಾಗಿ ದಾರಿ ಅಗಲವಾಗುತ್ತದೆ. ರಕ್ತ ಸುಮ್ಮಸುಮ್ಮನೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದರಲ್ಲೂ ಇದರ ಪಾಲಿದೆ. ಈ ಗುಟ್ಟನ್ನು ಬಿಡಿಸಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಎಂಬ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ವಯಸ್ಸಾದಂತೆ ಈ ಅನಿಲದ ತಯಾರಿಕೆ ಕಡಿಮೆಯಾಗುತ್ತದೆ. ತಯಾರಾದದ್ದನ್ನೂ ಫ್ರೀ ರಾಡಿಕಲ್‌ಗಳು ಹಾಳು ಮಾಡುತ್ತವೆ. ಹೆಣ್ಣುಮಕ್ಕಳಲ್ಲಿ ಈಸ್ಟ್ರೊಜೆನ್ ಹಾರ್ಮೋನು ಇಷ್ಟು ವರ್ಷ ಈ ಕೆಲಸಕ್ಕೆ ಬೆಂಬಲವಾಗಿರುತ್ತೆ. ಮುಟ್ಟು ನಿಂತ ಮೇಲೆ ಆ ಬೆಂಬಲ ಹೋಗುತ್ತೆ, ಜೊತೆಗೆ ಕೆಟ್ಟ ಕೊಲೆಸ್ಟ್ರಾಲ್ ಏರತೊಡಗುತ್ತೆ.

ಇನ್ನೊಂದು ವಿಷಯ. ಹಳೆಯ ಲಂಗದ ಇಲಾಸ್ಟಿಕ್ ನೋಡಿದ್ದೀರಲ್ಲ? ದೊಡ್ಡ ರಕ್ತನಾಳದ ಗೋಡೆಯಲ್ಲೂ ಹಿಗ್ಗಿ ಕುಗ್ಗುವ ಎಳೆಗಳಿವೆ, ಅದೇ ಇಲಾಸ್ಟಿನ್. ದೇಹ ಇದನ್ನು ಹೆಚ್ಚಾಗಿ ತಯಾರಿಸುವುದು ಗರ್ಭದಲ್ಲಿರುವಾಗ ಮತ್ತು ಬಾಲ್ಯದಲ್ಲಿ. ಆಮೇಲೆ ಹೊಸದು ಹುಟ್ಟುವುದು ತೀರಾ ಕಡಿಮೆ. ಹೃದಯವೋ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತೆ! ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗಿ ಎಳೆಗಳು ಸವೆಯುತ್ತವೆ. ಆ ಜಾಗದಲ್ಲಿ ಗಡಸು ಕೊಲಾಜೆನ್ ತುಂಬಿಕೊಳ್ಳುತ್ತದೆ. ರಕ್ತದಲ್ಲಿರುವ ಸಕ್ಕರೆ ಈ ಕೊಲಾಜೆನ್‌ಗೆ ಅಂಟಿದರೆ ಗೋಡೆ ಗಂಜಿ ಹಾಕಿದ ಸೀರೆಯಂತೆ ಇನ್ನಷ್ಟು ಬಿರುಸು. ವಯಸ್ಸಾದವರಲ್ಲಿ ಬಿಪಿಯ ಮೇಲಿನ ಅಂಕಿ ಏರುವುದಕ್ಕೆ ಇದು ಮುಖ್ಯ ಕಾರಣ.

ಮುದಿ ಕೋಶಗಳ ಕಿರಿಕಿರಿ

ನಮ್ಮ ಜೀವಕೋಶಗಳಿಗೆ ಎಷ್ಟು ಸಲ ಬೇಕಾದರೂ ಒಡೆದು ಎರಡಾಗುವ ಶಕ್ತಿಯಿಲ್ಲ. ಲೆನಾರ್ಡ್ ಹೇಫ್ಲಿಕ್ ಎಂಬ ವಿಜ್ಞಾನಿ ಇದನ್ನು 1961ರಲ್ಲೇ ತೋರಿಸಿದರು. ವರ್ಣತಂತುಗಳ ತುದಿಯಲ್ಲಿ ಟೆಲೋಮಿಯರ್ ಎಂಬ ಟೋಪಿಯಿದೆ. ಕೋಶ ಒಡೆದಾಗಲೆಲ್ಲ ಅದು ಚೂರು ಸವೆಯುತ್ತದೆ. ಇದರ ಬಗೆಗಿನ ಸಂಶೋಧನೆಗೆ 2009ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಕರೋಲ್ ಗ್ರೈಡರ್ ಎಂಬ ಇಬ್ಬರು ಮಹಿಳೆಯರು, ಜಾಕ್ ಶೋಸ್ಟಾಕ್ ಜೊತೆ ನೊಬೆಲ್ ಹಂಚಿಕೊಂಡರು ಗೊತ್ತಾ?

ಟೋಪಿ ಸವೆದ ಕೋಶ ಒಡೆಯುವುದನ್ನು ನಿಲ್ಲಿಸುತ್ತದೆ. ಆದರೆ ಎಷ್ಟೋ ಸಲ ಸಾಯುವುದಿಲ್ಲ, ಸುಮ್ಮನೆ ಕೂರುವುದೂ ಇಲ್ಲ. ಉರಿಯೂತ ಉಂಟುಮಾಡುವ ರಾಸಾಯನಿಕಗಳನ್ನು ಬಿಡುತ್ತಾ ಅಕ್ಕಪಕ್ಕದ ಕೋಶಗಳನ್ನೂ ಕೆಡಿಸುತ್ತದೆ. ರಕ್ತನಾಳದ ಗೋಡೆಯಲ್ಲಿ ಹೀಗಾದಾಗ ಕೊಬ್ಬು ಶೇಖರವಾಗಲು ದಾರಿ ಸಲೀಸು.

ಮೆಟಬಾಲಿಸಂ ನಿಧಾನ ಆಯ್ತಾ?

‘ನಲವತ್ತಾದ ಮೇಲೆ ಮೆಟಬಾಲಿಸಂ ನಿಧಾನ ಆಗುತ್ತೆ, ಅದಕ್ಕೇ ದಪ್ಪ ಆಗ್ತೀವಿ’ ಅಂತ ಎಲ್ಲರೂ ಹೇಳ್ತಾರೆ. ಆದರೆ 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ ಹಿಡಿದು 2021ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಹೇಳಿತು. ಮೈತೂಕ ಮತ್ತು ಸ್ನಾಯುವಿನ ಪ್ರಮಾಣವನ್ನು ಗಣನೆಗೆ ತೆಗೆದುಕೊಂಡು ನೋಡಿದರೆ, 20ರಿಂದ 60ರವರೆಗೆ ದೇಹ ಶಕ್ತಿ ಉರಿಸುವ ವೇಗ ಹೆಚ್ಚುಕಮ್ಮಿ ಒಂದೇ. ನಿಜವಾದ ಇಳಿಕೆ ಶುರುವಾಗುವುದು 60ರ ನಂತರ.

ಹಾಗಾದರೆ ಹೊಟ್ಟೆ ಯಾಕೆ ಬರುತ್ತೆ ಅಂತೀರಾ? ಬದಲಾಗುವುದು ಸ್ನಾಯು. ಬಳಸದಿದ್ದರೆ ಅದು ವರ್ಷ ವರ್ಷ ಕರಗುತ್ತದೆ. ಸ್ನಾಯುವಿನ ಕೋಶದೊಳಗೆ ಶಕ್ತಿ ತಯಾರಿಸುವ ಒಲೆಗಳಿವೆ, ಅವೇ ಮೈಟೊಕಾಂಡ್ರಿಯ. ಇವುಗಳ ಸಂಖ್ಯೆಯೂ ಕೆಲಸವೂ ತಗ್ಗುತ್ತವೆ. ಉರಿಯದೆ ಉಳಿದ ಕೊಬ್ಬು ಸ್ನಾಯುವಿನಲ್ಲೇ ಸೇರಿಕೊಂಡರೆ ಇನ್ಸುಲಿನ್ ಹೇಳಿದ ಮಾತು ಕೋಶಕ್ಕೆ ಕೇಳಿಸುವುದಿಲ್ಲ. ಸಕ್ಕರೆ ಒಳಗೆ ಹೋಗದೆ ರಕ್ತದಲ್ಲೇ ಸುತ್ತುತ್ತದೆ. ಮುಟ್ಟು ನಿಂತ ಮೇಲೆ ಸೊಂಟ, ತೊಡೆಯಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರತೊಡಗುತ್ತೆ. ಈ ಕೊಬ್ಬು, ಆ ಸಕ್ಕರೆ ಎರಡೂ ಸೇರಿ ಮತ್ತೆ ಕೆಡಿಸುವುದು ಅದೇ ಒಳಪದರವನ್ನು.

ಹಾಗಂತ ಗಾಬರಿ ಬೇಡ. ವಯಸ್ಸನ್ನು ತಡೆಯಲಾಗದು ನಿಜ. ಆದರೆ ಮೇಲೆ ಹೇಳಿದ್ದರಲ್ಲಿ ಬಹಳಷ್ಟು ವಯಸ್ಸೊಂದರಿಂದಲೇ ಆಗುವುದಲ್ಲ, ಮೈ ಬಗ್ಗಿಸದೇ ಇರುವುದರಿಂದಲೂ ಆಗುತ್ತೆ.

ನೀವೇನು ಮಾಡಬಹುದು?

* ಬಿರುಸಾಗಿ ನಡೆಯಿರಿ. ರಕ್ತ ರಭಸವಾಗಿ ಹರಿದರೆ ತಾನೇ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡೋದು? ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆ ಬೇಕು. ‘ಬೆಳಗ್ಗಿನಿಂದ ಅಡುಗೆಮನೆಯಲ್ಲಿ ನಿಂತೇ ಇರ್ತೀನಲ್ಲ’ ಅನ್ನಬೇಡಿ. ನಿಂತರೆ ಕಾಲು ನೋಯುತ್ತೆ ಅಷ್ಟೆ. ಮಾತಾಡಬಹುದು, ಹಾಡಲಾಗದು ಅನ್ನುವಷ್ಟು ಉಸಿರು ಏರಬೇಕು.

* ಊಟವಾದ ಮೇಲೆ 10-15 ನಿಮಿಷ ಅಡ್ಡಾಡಿ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

* ವಾರಕ್ಕೆರಡು ದಿನ ಸ್ನಾಯುವಿಗೆ ಕೆಲಸ ಕೊಡಿ. ಜಿಮ್ಮೇ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ 10 ಸಲ ಎದ್ದು ಕೂರಿ. ಗೋಡೆಗೆ ಕೈಯಿಟ್ಟು ದೂಡಿ. ನೀರು ತುಂಬಿದ ಬಾಟಲಿ ಎತ್ತಿ ಇಳಿಸಿ. 60 ದಾಟಿದವರಲ್ಲೂ ವ್ಯಾಯಾಮದಿಂದ ಸ್ನಾಯು ಬಲಗೊಳ್ಳುತ್ತದೆ, ಒಳಗಿನ ಒಲೆಗಳೂ ಹೆಚ್ಚುತ್ತವೆ.

* ನಿಮ್ಮ ತಟ್ಟೆ ನೋಡಿಕೊಳ್ಳಿ. ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದ ಅನ್ನಕ್ಕೆ ಮಜ್ಜಿಗೆ, ಉಪ್ಪಿನಕಾಯಿ... ಇದೇ ತಾನೆ ನಿಮ್ಮ ಊಟ? ಉಪ್ಪು ಹೆಚ್ಚು, ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹುರುಳಿ, ಅವರೆ, ಮೊಳಕೆ ಹೆಸರುಕಾಳು, ಗಟ್ಟಿ ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಇವುಗಳಲ್ಲಿ ಒಂದಾದರೂ ಪ್ರತಿ ಹೊತ್ತು ನಿಮ್ಮ ಪಾಲಿಗೆ ಬರಲಿ. ರಾಗಿ ಒಳ್ಳೇದೇ. ಆದರೆ ಮುದ್ದೆಯ ಗಾತ್ರ ಚಿಕ್ಕದಿರಲಿ, ಪಕ್ಕದಲ್ಲಿ ಸೊಪ್ಪು-ಕಾಳಿನ ಸಾರು ಹೆಚ್ಚಿರಲಿ.

* ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯದ್ದೂ ಇದೇ ಲೆಕ್ಕದಲ್ಲಿ!

* ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಬಿಡಿ. ರಕ್ತನಾಳಕ್ಕೆ ಅದು ನೇರ ಶತ್ರು.

* ಹೃದಯ ಕಾಪಾಡುತ್ತೆ ಅಂತ ಯಾರದೋ ಮಾತು ಕೇಳಿ ಹಾರ್ಮೋನ್ ಮಾತ್ರೆ ನುಂಗಬೇಡಿ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಎರಡು ಹಾರ್ಮೋನ್ ಸೇರಿಸಿ ಕೊಡುತ್ತಿದ್ದ ಭಾಗವನ್ನು, ಲಾಭಕ್ಕಿಂತ ಅಪಾಯ ಹೆಚ್ಚು ಕಂಡಿದ್ದರಿಂದ 2002ರಲ್ಲಿ ನಡುವೆಯೇ ನಿಲ್ಲಿಸಲಾಯಿತು. ಮೈ ಬಿಸಿಯೇರುವ ತೊಂದರೆ ತೀರಾ ಕಾಡಿದರೆ ಈ ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಸ್ತ್ರೀರೋಗ ತಜ್ಞರೇ ಹೇಳಬೇಕು.

ಅಳೆದು ನೋಡಿ

ಒಳಗಿನ ವಯಸ್ಸನ್ನು ತೋರಿಸುವ ಕನ್ನಡಿ ಇಲ್ಲ, ಆದರೆ ಕೆಲವು ಅಂಕಿಗಳಿವೆ. ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ 80 ಸೆಂ.ಮೀ. ಒಳಗಿರಲಿ. ಬಿಪಿ 130/80 ದಾಟಿದರೆ ಗಮನವಿರಲಿ, 140/90 ಮುಟ್ಟಿದರೆ ವೈದ್ಯರನ್ನು ಕಾಣಲೇಬೇಕು. ಖಾಲಿ ಹೊಟ್ಟೆಯ ಸಕ್ಕರೆ 100ರೊಳಗೆ ಇರಬೇಕು. 100ರಿಂದ 125 ಎಚ್ಚರಿಕೆಯ ಗಂಟೆ, 126 ಮತ್ತು ಮೇಲೆ ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಮಧುಮೇಹ ಖಚಿತಪಡಿಸಿಕೊಳ್ಳುತ್ತಾರೆ. ಕೊಲೆಸ್ಟ್ರಾಲ್ ಪರೀಕ್ಷೆಯೂ ಆಗಲಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ಬಸುರಿಯಾಗಿದ್ದಾಗ ಬಿಪಿ ಅಥವಾ ಸಕ್ಕರೆ ಏರಿತ್ತಾ? ‘ಹೆರಿಗೆ ಆದ್ಮೇಲೆ ಸರಿಹೋಯ್ತು’ ಅಂತ ಮರೆಯಬೇಡಿ, ವೈದ್ಯರಿಗೆ ಹೇಳಿ. ಅಂಥವರಿಗೆ ಮುಂದೆ ಅಪಾಯ ಹೆಚ್ಚು.

ಎದೆ ಹಿಂಡಿದಂತಾಗುವುದು, ದವಡೆ, ಬೆನ್ನು ಅಥವಾ ತೋಳಿನಲ್ಲಿ ನೋವು, ತಣ್ಣನೆ ಬೆವರು, ವಾಕರಿಕೆ, ಇದ್ದಕ್ಕಿದ್ದಂತೆ ಏದುಸಿರು, ಹಿಂದೆಂದೂ ಇಲ್ಲದ ಸುಸ್ತು ಕಂಡರೆ ‘ಗ್ಯಾಸ್ಟ್ರಿಕ್ ಇರ್ಬೇಕು’ ಅಂತ ಜೀರಿಗೆ ಕಷಾಯ ಕುಡಿದು ಮಲಗಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.

ಯಜಮಾನರ ಬಿಪಿ ಮಾತ್ರೆ ಎಷ್ಟು ಹೊತ್ತಿಗೆ, ಅತ್ತೆಯ ಶುಗರ್ ಎಷ್ಟು, ಎಲ್ಲ ನಿಮ್ಮ ನಾಲಿಗೆ ತುದಿಯಲ್ಲಿದೆ. ನಿಮ್ಮ ಬಿಪಿ ಎಷ್ಟು ಅಂತ ಗೊತ್ತಾ? ಗೊತ್ತಿಲ್ಲ ಅಂತಾದರೆ ಈ ವಾರವೇ ಹೋಗಿ ನೋಡಿಸಿಕೊಂಡು ಬನ್ನಿ.